ಆಡುವ ವಿದ್ಯೆ ಬೇರೆ, ಆಡಿಸುವ ವಿದ್ಯೆ ಬೇರೆ

ವಾರ್ಷಿಕ ಪರೀಕ್ಷೆಗಳು ಮುಗಿದವೆಂದರೆ ನಮ್ಮ ದಕ್ಷಿಣ ಬೆಂಗಳೂರಿನ ಬೀದಿಗಳಲ್ಲಿ ಬ್ಯಾನರುಗಳ ಸುಗ್ಗಿ. ಜಯನಗರದ ಮೈದಾನಗಳ ಬೇಲಿಗೆ, ಬನಶಂಕರಿಯ ವಿದ್ಯುತ್ ಕಂಬಗಳಿಗೆ, ಜೆ.ಪಿ. ನಗರದ ಉದ್ಯಾನಗಳ ಗೇಟಿಗೆ, ಬಿ.ಟಿ.ಎಂ. ಲೇಔಟಿನ ಅಂಗಡಿ ಸಾಲಿಗೆ 'ಬೇಸಿಗೆ ಶಿಬಿರ'ದ ಜಾಹೀರಾತುಗಳು ಜೋತುಬೀಳುತ್ತವೆ. ಕ್ರಿಕೆಟ್, ಈಜು, ಸ್ಕೇಟಿಂಗ್, ಬ್ಯಾಡ್ಮಿಂಟನ್, ಫುಟ್‌ಬಾಲ್, ಅಲ್ಲೊಂದು ಇಲ್ಲೊಂದು ಹಾಕಿ. ಪಾಲಕರು ಬಂದು ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ. ಶುಲ್ಕ ಎಷ್ಟು? ಸಮಯ ಯಾವುದು? ಬ್ಯಾಟು, ಸ್ಟಿಕ್ಕು, ಬೂಟು ನಾವೇ ತರಬೇಕೋ, ನೀವೇ ಕೊಡುತ್ತೀರೋ? ಆದರೆ ಒಂದು ಪ್ರಶ್ನೆಯನ್ನು ಕೇಳುವವರು ಅಪರೂಪ. ಇಲ್ಲಿ ಕಲಿಸುವವರು ಯಾರು, ಅವರು ಕಲಿಸುವುದನ್ನು ಎಲ್ಲಿ ಕಲಿತರು?

ಬ್ಯಾನರಿನಲ್ಲಿ 'ಮಾಜಿ ಆಟಗಾರರಿಂದ ತರಬೇತಿ' ಎಂದಿದ್ದರೆ ನಮಗೆ ಅಷ್ಟೇ ಸಾಕು. ಚೆನ್ನಾಗಿ ಆಡಿದವನು ಚೆನ್ನಾಗಿಯೇ ಆಡಿಸುತ್ತಾನೆ ಎಂಬ ನಂಬಿಕೆ ನಮ್ಮದು. ಈ ನಂಬಿಕೆ ಎಷ್ಟರಮಟ್ಟಿಗೆ ನಿಜ? ಆಟಗಾರನಾಗಿದ್ದವನು ತರಬೇತುದಾರನಾಗುವ ದಾರಿಯಲ್ಲಿ ಏನೇನಿದೆ? ಮಗ ಅಥವಾ ಮಗಳು 'ನಾನು ಆಟವನ್ನೇ ಜೀವನ ಮಾಡಿಕೊಳ್ಳುತ್ತೇನೆ' ಎಂದು ಹಟ ಹಿಡಿದಾಗ ತಲೆಯ ಮೇಲೆ ಕೈಹೊತ್ತು ಕೂರುವ ತಂದೆ ತಾಯಿಯರಿಗೆ ಈ ಪ್ರಶ್ನೆ ಬಹಳ ಮುಖ್ಯ. ಏಕೆಂದರೆ ಆಟಗಾರನ ವೃತ್ತಿ ಸಾಮಾನ್ಯವಾಗಿ ಮೂವತ್ತು, ಮೂವತ್ತೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಬದುಕು ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿರುತ್ತದೆ.

ಕೊಡಗಿನಿಂದ ಸೋಲ್‌ವರೆಗೆ

ನಮ್ಮ ರಾಜ್ಯದಲ್ಲಿ ಹಾಕಿ ಎಂದ ಕೂಡಲೇ ನೆನಪಾಗುವುದು ಕೊಡಗು. ಅಲ್ಲಿ ಹಾಕಿ ಸ್ಟಿಕ್ಕು ಮನೆಯ ಸಾಮಾನು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಮೊದಲ ವರ್ಷ 60 ಕುಟುಂಬಗಳು ಆಡಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬದವರು ನಡೆಸಿಕೊಟ್ಟ ಉತ್ಸವದಲ್ಲಿ 360 ತಂಡಗಳಿದ್ದವು. ಅಜ್ಜ, ಮೊಮ್ಮಗ, ಸೊಸೆ ಎಲ್ಲರೂ ಒಂದೇ ತಂಡದಲ್ಲಿ ಆಡುವ ದೃಶ್ಯವನ್ನು ಬೇರೆಲ್ಲಿ ಕಾಣಬೇಕು?

ಆ ಕೊಡಗಿನವರು ಮೊಳ್ಳೇರ ಪೂವಯ್ಯ ಗಣೇಶ್. ಕ್ರೀಡಾಪ್ರಿಯರಿಗೆ ಎಂ.ಪಿ. ಗಣೇಶ್. ಹುಟ್ಟಿದ್ದು 1946ರಲ್ಲಿ. ಸ್ವಾರಸ್ಯವೆಂದರೆ ಹುಡುಗನಾಗಿದ್ದಾಗ ಅವರು ಜಿಲ್ಲೆಯನ್ನು ಪ್ರತಿನಿಧಿಸಿದ್ದು ಹಾಕಿಯಲ್ಲಲ್ಲ, ಫುಟ್‌ಬಾಲಿನಲ್ಲಿ! ಸೇನೆಗೆ ಸೇರಿದ ಮೇಲೆ ಸರ್ವಿಸಸ್ ತಂಡದ ಪರವಾಗಿ ಹಾಕಿ ಆಡಿ ಬೆಳಕಿಗೆ ಬಂದರು. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ, 1971ರ ಬಾರ್ಸಿಲೋನಾ ವಿಶ್ವಕಪ್‌ನಲ್ಲಿ ಕಂಚು, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು. 1973ರ ವಿಶ್ವಕಪ್‌ನಲ್ಲಿ ಅವರೇ ಭಾರತದ ನಾಯಕ. ಆಮ್ಸ್ಟೆಲ್ವೀನ್‌ನಲ್ಲಿ ನಡೆದ ಆ ಫೈನಲ್‌ನಲ್ಲಿ ಆತಿಥೇಯ ಹಾಲೆಂಡ್ ಜೊತೆ ಪಂದ್ಯ 2-2ರಲ್ಲಿ ಸಮನಾಗಿ, ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ಕಪ್ಪು ಕೈತಪ್ಪಿತು. ಅದೇ ವರ್ಷದ ಅರ್ಜುನ ಪ್ರಶಸ್ತಿ ಅವರಿಗೆ ಸಂದಿತು.

ಇಷ್ಟು ಆಟಗಾರನ ಕಥೆ. ನಮ್ಮ ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಅದರ ಮುಂದಿನ ಭಾಗವನ್ನು. ಗಣೇಶ್ ಪದಕಗಳನ್ನು ಗೋಡೆಗೆ ತೂಗುಹಾಕಿ ಸುಮ್ಮನೆ ಕೂರಲಿಲ್ಲ. ಇಂಗ್ಲಿಷ್ ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ, ಕ್ರೀಡಾ ತರಬೇತಿಯಲ್ಲಿ ಡಿಪ್ಲೊಮಾ, ಅದರ ಮೇಲೆ ಡಾಕ್ಟರೇಟ್. ವಿಶ್ವಕಪ್‌ನಲ್ಲಿ ದೇಶದ ತಂಡವನ್ನು ಮುನ್ನಡೆಸಿದ ಮನುಷ್ಯ ಪುನಃ ಬೆಂಚಿನ ಮೇಲೆ ಕೂತು ನೋಟ್ಸ್ ಬರೆದುಕೊಂಡದ್ದನ್ನು ಒಮ್ಮೆ ಊಹಿಸಿಕೊಳ್ಳಿ! 1988ರ ಸೋಲ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡಕ್ಕೆ ಅವರು ತರಬೇತುದಾರರು. ಆ ತಂಡದ ನಾಯಕ ಎಂ.ಎಂ. ಸೋಮಯ್ಯನವರೂ ಕೊಡಗಿನವರೇ, 1980ರ ಮಾಸ್ಕೋ ಚಿನ್ನದ ತಂಡದಲ್ಲಿದ್ದವರು. ಗಣೇಶ್ ಮುಂದೆ ಭಾರತೀಯ ಕ್ರೀಡಾ ಪ್ರಾಧಿಕಾರದಲ್ಲಿ ಉನ್ನತ ಹುದ್ದೆ ನಿರ್ವಹಿಸಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಗೌರವ ದೊರೆಯಿತು.

ಸೋಲ್‌ನಲ್ಲಿ ಭಾರತ ಗಳಿಸಿದ್ದು 6ನೇ ಸ್ಥಾನ. ಹಾಗಾದರೆ ತರಬೇತಿ ಸೋತಿತೇ ಎಂದು ಕೇಳಬಹುದು. ಉತ್ತರ ಅಷ್ಟು ಸುಲಭವಲ್ಲ. ಗಣೇಶ್ ಮತ್ತು ಅವರ ತಲೆಮಾರಿನವರು ಆಡಿ ಗೆದ್ದ ಆಟವೇ ಅಷ್ಟರಲ್ಲಿ ಬೇರೆಯಾಗಿಬಿಟ್ಟಿತ್ತು. ಏನಾಗಿತ್ತು ಎಂಬುದನ್ನು ತಿಳಿಯಲು ಸ್ವಲ್ಪ ಭೌತಶಾಸ್ತ್ರ ಬೇಕು.

ನೆಲ ಬದಲಾದಾಗ ಆಟ ಬದಲಾಯಿತು

1928ರಿಂದ 1972ರವರೆಗೆ ನಡೆದ ಪ್ರತಿಯೊಂದು ಒಲಿಂಪಿಕ್ಸ್‌ನಲ್ಲೂ ಭಾರತದ ಹಾಕಿ ತಂಡ ಯಾವುದಾದರೊಂದು ಪದಕದೊಂದಿಗೇ ಮರಳಿತ್ತು. 1976ರ ಮಾಂಟ್ರಿಯಲ್‌ನಲ್ಲಿ ಮೊದಲ ಬಾರಿಗೆ ಒಲಿಂಪಿಕ್ ಹಾಕಿಯನ್ನು ಹುಲ್ಲಿನ ಬದಲು ಕೃತಕ ಹಾಸಿನ ಮೇಲೆ ಆಡಿಸಿದರು. ಭಾರತಕ್ಕೆ ಬಂದದ್ದು 7ನೇ ಸ್ಥಾನ. ಕಾರಣಗಳು ಹಲವು, ಆದರೆ ನೆಲದ ಪಾತ್ರ ದೊಡ್ಡದು.

ಹುಲ್ಲಿನ ಮೇಲೆ ಚೆಂಡು ಉರುಳುವಾಗ ಘರ್ಷಣೆ ಹೆಚ್ಚು. ನೆಲದ ಉಬ್ಬುತಗ್ಗಿಗೆ ತಕ್ಕಂತೆ ಚೆಂಡು ಕುಪ್ಪಳಿಸುತ್ತದೆ. ಅಲ್ಲಿ ಗೆಲ್ಲುವುದು ಮಣಿಕಟ್ಟಿನ ಚಳಕ: ಚೆಂಡನ್ನು ಸ್ಟಿಕ್ಕಿಗೆ ಅಂಟಿಸಿಕೊಂಡಂತೆ ಎಡಕ್ಕೆ ಬಲಕ್ಕೆ ಹೊರಳಿಸುತ್ತ ಎದುರಾಳಿಯನ್ನು ಮರುಳು ಮಾಡುವುದು. ನಮ್ಮವರು ಅದರಲ್ಲಿ ನಿಸ್ಸೀಮರು. ಕೃತಕ ಹಾಸು ಸಮತಟ್ಟು. ಅದಕ್ಕೆ ನೀರು ಹಾಯಿಸಿದರೆ ಘರ್ಷಣೆ ಇನ್ನೂ ಕಡಿಮೆ. ಚೆಂಡು ಗೆರೆ ಎಳೆದಂತೆ ನೇರವಾಗಿ, ವೇಗವಾಗಿ ಓಡುತ್ತದೆ. ಅಲ್ಲಿ ಚೆಂಡನ್ನು ಇಟ್ಟುಕೊಂಡು ಆಡುವವನಿಗಿಂತ ಸರಿಯಾದ ಕ್ಷಣಕ್ಕೆ ಬಿಟ್ಟುಕೊಡುವವನು ದೊಡ್ಡವನು. ಇಡೀ ಪಂದ್ಯ ಓಡುವ ದಮ್ಮು ಬೇಕು.

ಒಂದು ಸಣ್ಣ ಲೆಕ್ಕ ನೋಡಿ. ಹಾಕಿ ಚೆಂಡಿನ ತೂಕ ಸುಮಾರು 160 ಗ್ರಾಂ. ಅದು ಗಂಟೆಗೆ 54 ಕಿಲೋಮೀಟರ್, ಎಂದರೆ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಬಂದರೆ ಅದರ ಚಲನಶಕ್ತಿ 18 ಜೂಲ್. ವೇಗ ಎರಡರಷ್ಟಾಗಿ ಸೆಕೆಂಡಿಗೆ 30 ಮೀಟರ್ ಆದರೆ ಶಕ್ತಿ 36 ಜೂಲ್ ಅಲ್ಲ, 72 ಜೂಲ್! ಚಲನಶಕ್ತಿಯ ಸೂತ್ರದಲ್ಲಿ ವೇಗಕ್ಕೆ ವರ್ಗವಿದೆಯಲ್ಲವೇ? ವೇಗ ಇಮ್ಮಡಿಯಾದರೆ ಹೊಡೆತ ನಾಲ್ಕು ಮಡಿ. ನಿಧಾನದ ಚೆಂಡಿಗೆ ಪಳಗಿದ ಕೈಗೆ ವೇಗದ ಚೆಂಡನ್ನು ತಡೆಯುವುದು ಬೇರೆಯೇ ವಿದ್ಯೆ. ಕಳೆದ ಶತಮಾನದ ಕೊನೆಯ ದಶಕದಲ್ಲಿ ಆಫ್‌ಸೈಡ್ ನಿಯಮವೂ ರದ್ದಾಗಿ ಆಟ ಮತ್ತಷ್ಟು ಬಿಚ್ಚಿಕೊಂಡಿತು.

ಈಗ ತರಬೇತುದಾರನ ಕಷ್ಟ ಅರ್ಥವಾದೀತು. ಹುಲ್ಲಿನ ಮೇಲೆ ಆಡಿ ಪದಕ ಗೆದ್ದವನು ಹಾಸಿನ ಮೇಲೆ ಆಡುವ ಹುಡುಗರಿಗೆ ಕಲಿಸಬೇಕು. 'ನಾನು ಹೀಗೆ ಆಡುತ್ತಿದ್ದೆ, ನೀನೂ ಹಾಗೇ ಆಡು' ಎಂದರೆ ನಡೆಯದು. ತನ್ನ ಅನುಭವದಲ್ಲಿ ಯಾವುದು ಇಂದಿಗೂ ಸಲ್ಲುತ್ತದೆ, ಯಾವುದು ಸಲ್ಲದು ಎಂದು ಜರಡಿ ಹಿಡಿಯಬೇಕು. ಆ ಜರಡಿಯೇ ಓದು.

ಮಂಜಿನ ಮೇಲಿನ ಪಾಠ

ಜಗತ್ತಿನ ಇನ್ನೊಂದು ತುದಿಯಲ್ಲಿ ಇನ್ನೊಂದು ಹಾಕಿ ಇದೆ: ಮಂಜುಗಡ್ಡೆಯ ಮೇಲಿನ ಐಸ್ ಹಾಕಿ. ನಮ್ಮ ದೇಶದಲ್ಲಿ ಲಡಾಖಿನ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಅದನ್ನು ಆಡುತ್ತಾರೆ. ಕೆನಡಾದಲ್ಲಂತೂ ಅದು ನಮ್ಮಲ್ಲಿ ಕ್ರಿಕೆಟ್ ಇದ್ದ ಹಾಗೆ. ಅಲ್ಲಿ ದುಂಡನೆಯ ಚೆಂಡಿಲ್ಲ. 'ಪಕ್' ಎಂಬ ರಬ್ಬರಿನ ಬಿಲ್ಲೆ. ತೂಕ ಹೆಚ್ಚೆಂದರೆ 170 ಗ್ರಾಂ, ನಮ್ಮ ಹಾಕಿ ಚೆಂಡಿನಷ್ಟೇ ಎನ್ನಿ. ರಬ್ಬರು ಪುಟಿಯದಿರಲೆಂದು ಪಂದ್ಯಕ್ಕೆ ಮೊದಲು ಆ ಬಿಲ್ಲೆಯನ್ನು ಫ್ರಿಜ್ಜಿನಲ್ಲಿಟ್ಟು ಗಟ್ಟಿ ಮಾಡುತ್ತಾರೆ. ಮಂಜಿನ ಮೇಲೆ ಘರ್ಷಣೆ ಅತ್ಯಲ್ಪವಾದ್ದರಿಂದ ಒಮ್ಮೆ ತಳ್ಳಿದ ಬಿಲ್ಲೆ ಜಾರುತ್ತಲೇ ಹೋಗುತ್ತದೆ. ನ್ಯೂಟನ್ನನ ಮೊದಲನೆಯ ನಿಯಮವನ್ನು ಕಣ್ಣಾರೆ ಕಾಣಬೇಕೆಂದರೆ ಅದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ.

ಆ ಆಟದ ಚರಿತ್ರೆಯಿಂದ ಇಬ್ಬರ ಕಥೆಯನ್ನು ಅಕ್ಕಪಕ್ಕ ಇಟ್ಟು ನೋಡೋಣ. ಮೊದಲನೆಯವರು ವೇಯ್ನ್ ಗ್ರೆಟ್ಸ್ಕಿ. ಐಸ್ ಹಾಕಿ ಕಂಡ ಅತಿ ದೊಡ್ಡ ಆಟಗಾರ ಎಂದು ಬಹುಮಂದಿ ಒಪ್ಪುವ ಹೆಸರು. 1999ರಲ್ಲಿ ನಿವೃತ್ತರಾದಾಗ ಉತ್ತರ ಅಮೆರಿಕದ ರಾಷ್ಟ್ರೀಯ ಹಾಕಿ ಲೀಗ್‌ನಲ್ಲಿ ಅವರ ಗೋಲುಗಳು 894. ಆ ದಾಖಲೆಯನ್ನು ರಷ್ಯಾದ ಅಲೆಕ್ಸಾಂಡರ್ ಒವೆಚ್ಕಿನ್ ಮುರಿದದ್ದು 2025ರಲ್ಲಿ. ಇಂಥ ಗ್ರೆಟ್ಸ್ಕಿ 2005ರಲ್ಲಿ ಫೀನಿಕ್ಸ್ ಕಯೋಟೀಸ್ ಎಂಬ ತಂಡಕ್ಕೆ ನೇರವಾಗಿ ಮುಖ್ಯ ತರಬೇತುದಾರರಾದರು. ಅದಕ್ಕೆ ಮೊದಲು ಯಾವ ತಂಡಕ್ಕೂ ಅವರು ತರಬೇತಿ ಕೊಟ್ಟವರಲ್ಲ. ನಾಲ್ಕು ಋತು ತಂಡವನ್ನು ನಡೆಸಿದರು. ಒಮ್ಮೆಯೂ ಆ ತಂಡ ಲೀಗಿನ ಅಂತಿಮ ಘಟ್ಟದ ಪಂದ್ಯಗಳಿಗೆ ಅರ್ಹತೆ ಪಡೆಯಲಿಲ್ಲ. ತಂಡದಲ್ಲಿ ಬೇರೆ ದೌರ್ಬಲ್ಯಗಳೂ ಇದ್ದವು ಎನ್ನಿ. ಆದರೂ ಅಷ್ಟು ದೊಡ್ಡ ಹೆಸರೊಂದೇ ತಂಡವನ್ನು ಮೇಲೆತ್ತಲಾರದೆ ಹೋಯಿತು.

ಎರಡನೆಯವರು ಸ್ಕಾಟಿ ಬೌಮನ್. ಮಾಂಟ್ರಿಯಲ್‌ನ ಹುಡುಗ. 1952ರಲ್ಲಿ ಕಿರಿಯರ ಪಂದ್ಯವೊಂದರಲ್ಲಿ ತಲೆಗೆ ಬಿದ್ದ ಪೆಟ್ಟಿನಿಂದ ಆಡುವ ಕನಸು ಅಲ್ಲಿಗೇ ಮುಗಿಯಿತು. ದೊಡ್ಡ ಲೀಗ್‌ನಲ್ಲಿ ಅವರು ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. ಆದರೆ ಸಣ್ಣ ಹುಡುಗರ ತಂಡಗಳಿಂದ ತರಬೇತಿ ಆರಂಭಿಸಿ, ಮೆಟ್ಟಿಲು ಮೆಟ್ಟಿಲಾಗಿ ಹತ್ತಿ, ಮುಖ್ಯ ತರಬೇತುದಾರರಾಗಿ ಒಂಬತ್ತು ಬಾರಿ ಸ್ಟ್ಯಾನ್ಲಿ ಕಪ್ ಗೆದ್ದರು: ಮಾಂಟ್ರಿಯಲ್‌ನಲ್ಲಿ ಐದು, ಪಿಟ್ಸ್‌ಬರ್ಗ್‌ನಲ್ಲಿ ಒಂದು, ಡೆಟ್ರಾಯಿಟ್‌ನಲ್ಲಿ ಮೂರು. ಮೊದಲನೆಯದು 1973ರಲ್ಲಿ, ಕೊನೆಯದು 2002ರಲ್ಲಿ.

ಈ ಎರಡು ಕಥೆಗಳಿಂದ 'ಆಡಿದವನು ಕಲಿಸಲಾರ' ಎಂಬ ತೀರ್ಮಾನಕ್ಕೆ ಹಾರಬೇಡಿ. ಅದು ಅವಸರದ ತೀರ್ಮಾನ. ಗಣೇಶ್ ಇಬ್ಬರ ದಾರಿಯನ್ನೂ ನಡೆದವರು: ಆಡಿದರು, ಆಮೇಲೆ ಕಲಿಸುವುದನ್ನು ಕಲಿತರು. ನಮ್ಮ ಊರಿನವರೇ ಆದ ರಾಹುಲ್ ದ್ರಾವಿಡ್ ಅವರನ್ನು ನೋಡಿ. 2012ರಲ್ಲಿ ಅಂತಾರಾಷ್ಟ್ರೀಯ ಕ್ರಿಕೆಟ್ ಬಿಟ್ಟ ಮೇಲೆ ಅವರು ನೇರವಾಗಿ ಹಿರಿಯರ ತಂಡದ ಕುರ್ಚಿಯಲ್ಲಿ ಕೂರಲಿಲ್ಲ. 2015ರಿಂದ 19 ವರ್ಷದೊಳಗಿನವರಿಗೆ ಮತ್ತು ಭಾರತ 'ಎ' ತಂಡಕ್ಕೆ ಪಾಠ ಹೇಳಿದರು. 2018ರಲ್ಲಿ ಆ ಹುಡುಗರು ವಿಶ್ವಕಪ್ ಗೆದ್ದರು. 2019ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಮುಖ್ಯಸ್ಥರಾದರು. ಹಿರಿಯರ ತಂಡಕ್ಕೆ ಬಂದದ್ದು 2021ರ ಕೊನೆಯಲ್ಲಿ. 2024ರಲ್ಲಿ ಟಿ-20 ವಿಶ್ವಕಪ್ ಬಂತು. ಶಾಲೆಯಲ್ಲಿ ಹೊಸ ಉಪಾಧ್ಯಾಯ ಮೊದಲು ಐದನೆಯ ತರಗತಿಗೆ ಪಾಠ ಮಾಡಿ, ಆಮೇಲೆ ಹತ್ತನೆಯದಕ್ಕೆ ಹೋಗುವ ಹಾಗೆ!

ಕೈ ಬಲ್ಲದ್ದನ್ನು ಬಾಯಿ ಹೇಳಬೇಕು

ಚೆನ್ನಾಗಿ ಆಡುವುದಕ್ಕೂ ಚೆನ್ನಾಗಿ ಕಲಿಸುವುದಕ್ಕೂ ನಡುವೆ ಈ ಕಂದಕ ಯಾಕಿದೆ? ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗದಿಂದ ಹೇಳುತ್ತೇನೆ.

30 ಸೆಂಟಿಮೀಟರಿನ ಸ್ಕೇಲನ್ನು ನಿಮ್ಮ ಗೆಳೆಯ ನೇರವಾಗಿ ಮೇಲಿನಿಂದ ಹಿಡಿದುಕೊಳ್ಳಲಿ. ಕೆಳಗೆ ಸೊನ್ನೆಯ ಗುರುತಿನ ಹತ್ತಿರ ನಿಮ್ಮ ಹೆಬ್ಬೆರಳು, ತೋರುಬೆರಳನ್ನು ತಾಕಿಸದೆ ಅಗಲಿಸಿ ಇಡಿ. ಅವನು ಹೇಳದೆ ಕೇಳದೆ ಬಿಡಬೇಕು, ನೀವು ಹಿಡಿಯಬೇಕು. ಸ್ಕೇಲು ಸುಮಾರು 20 ಸೆಂಟಿಮೀಟರ್ ಬಿದ್ದ ಮೇಲೆ ನೀವು ಹಿಡಿದಿರಿ ಎನ್ನೋಣ. ಬೀಳುವ ವಸ್ತುವಿನ ಸೂತ್ರ ಹಾಕಿದರೆ ಕಾಲ ಸುಮಾರು 0.2 ಸೆಕೆಂಡ್. ಕಣ್ಣು ಕಂಡದ್ದನ್ನು ಮಿದುಳು ತಿಳಿದು ಕೈಗೆ ಅಪ್ಪಣೆ ಕೊಡಲು ತಗಲುವ ಕಾಲ ಇದು. ನೂರು ಸಲ ಅಭ್ಯಾಸ ಮಾಡಿ ನೋಡಿ. ಸ್ವಲ್ಪ ಇಳಿಯಬಹುದು, ಅರ್ಧವಂತೂ ಆಗುವುದಿಲ್ಲ.

ಈಗ ಹಾಕಿಗೆ ಬನ್ನಿ. ಗೋಲಿನ ಮುಂದಿನ ಅರೆವೃತ್ತದ ತ್ರಿಜ್ಯ 14.63 ಮೀಟರ್. ಅದರ ಅಂಚಿನಿಂದ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಹೊಡೆದ ಚೆಂಡು ಗೋಲನ್ನು ತಲುಪಲು ಅರ್ಧ ಸೆಕೆಂಡೂ ಬೇಡ. ಅದರಲ್ಲಿ 0.2 ಸೆಕೆಂಡ್ ಕಂಡು ತಿಳಿಯುವುದಕ್ಕೇ ಹೋಯಿತು. ಉಳಿದದ್ದು 0.3 ಸೆಕೆಂಡಿಗೂ ಕಡಿಮೆ. ಅಷ್ಟರಲ್ಲಿ ಗೋಲ್‌ಕೀಪರ್ ಕಾಲು ಚಾಚಬೇಕು. ಆದರೂ ಒಳ್ಳೆಯ ಗೋಲ್‌ಕೀಪರ್ ತಡೆಯುತ್ತಾನಲ್ಲ, ಹೇಗೆ? ಅವನ ಮಿದುಳು ನಮ್ಮದಕ್ಕಿಂತ ಎರಡರಷ್ಟು ಚುರುಕೇನಲ್ಲ. ಚೆಂಡು ಹೊರಡುವ ಮೊದಲೇ ಅವನು ಹೊಡೆಯುವವನ ಭುಜವನ್ನು, ಸೊಂಟವನ್ನು, ಮಣಿಕಟ್ಟನ್ನು ಓದಿಬಿಟ್ಟಿರುತ್ತಾನೆ. ಸಾವಿರಾರು ಹೊಡೆತಗಳನ್ನು ಕಂಡು ಅವನ ಕಣ್ಣು ಆ ಲಿಪಿಯನ್ನು ಕಲಿತಿದೆ.

'ಅದು ಹೇಗೆ ಗೊತ್ತಾಯಿತು?' ಎಂದು ಅವನನ್ನೇ ಕೇಳಿ ನೋಡಿ. ಬಹುತೇಕ 'ಹಾಗನ್ನಿಸಿತು ಸಾರ್' ಎಂದಾನು. ಸುಳ್ಳಲ್ಲ ಅದು. ಆ ಜ್ಞಾನ ಅವನ ಕಣ್ಣು ಕೈಗಳಲ್ಲಿದೆ, ನಾಲಗೆಯಲ್ಲಿಲ್ಲ. ಬಲ್ಲವನೇ ಬಲ್ಲ ಬೆಲ್ಲದ ರುಚಿಯ ಎಂದು ಗಾದೆ. ಆಟಗಾರನಿಗೆ ರುಚಿ ಗೊತ್ತಿದ್ದರೆ ಸಾಕು. ತರಬೇತುದಾರ ಬೆಲ್ಲ ಮಾಡುವ ಕ್ರಮವನ್ನೂ ಹೇಳಿಕೊಡಬೇಕು: ಕಬ್ಬು ಯಾವಾಗ ಕಡಿಯಬೇಕು, ಹಾಲು ಎಷ್ಟು ಹೊತ್ತು ಕುದಿಯಬೇಕು, ಪಾಕ ಬಂದದ್ದು ಹೇಗೆ ತಿಳಿಯುತ್ತದೆ. 'ಚೆಂಡನ್ನು ನೋಡು' ಎಂದು ಕೂಗುವವನಿಗೂ 'ಅವನ ಎಡ ಭುಜ ನೋಡು' ಎಂದು ಹೇಳಬಲ್ಲವನಿಗೂ ಇರುವ ಅಂತರವೇ ತರಬೇತಿ.

ಇದು ಆಟಕ್ಕೆ ಮಾತ್ರ ಸೇರಿದ್ದಲ್ಲ. ಬಿ.ಎಸ್ಸಿ.ಯಲ್ಲಿ ನಾನು ಭೌತಶಾಸ್ತ್ರ ಕಲಿತೆ. ಆದರೆ ಎಂಟನೆಯ ತರಗತಿಯ ಹುಡುಗನಿಗೆ ಘರ್ಷಣೆ ಅರ್ಥವಾಗದೇ ಇದ್ದರೆ ಅವನು ಎಲ್ಲಿ ಎಡವಿದ್ದಾನೆ ಎಂದು ಹುಡುಕುವುದನ್ನು ಕಲಿಯಲು ಬಿ.ಇಡಿ. ಬೇಕಾಯಿತು, ಅದರ ಮೇಲೆ ಹಲವು ವರ್ಷಗಳ ತರಗತಿ ಬೇಕಾಯಿತು. ತರಬೇತುದಾರನಿಗೂ ಅಂಥದೊಂದು ಬಿ.ಇಡಿ. ಬೇಡವೇ?

ಆ ವಿದ್ಯೆ ಸಿಗುವ ಜಾಗಗಳು

ಬೇಕು, ಮತ್ತು ಅದಕ್ಕೆ ವ್ಯವಸ್ಥೆಯೂ ಇದೆ. ಪಂಜಾಬಿನ ಪಟಿಯಾಲದಲ್ಲಿ 1961ರಲ್ಲಿ ಆರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ತರಬೇತುದಾರರನ್ನು ತಯಾರು ಮಾಡುವ ಡಿಪ್ಲೊಮಾ ನಡೆಸುತ್ತದೆ. ಕ್ರೀಡಾ ವಲಯದಲ್ಲಿ 'ಎನ್.ಐ.ಎಸ್. ಕೋಚ್' ಎಂದರೆ ಇದೇ. ಅಲ್ಲಿ ಆಟದ ತಂತ್ರದ ಜೊತೆಗೆ ಶರೀರಶಾಸ್ತ್ರ, ಚಲನೆಯ ಯಂತ್ರಶಾಸ್ತ್ರ, ಮನಶ್ಶಾಸ್ತ್ರ, ಆಹಾರ ಎಲ್ಲವನ್ನೂ ಓದಬೇಕು. ಸಾಮಾನ್ಯ ಅಭ್ಯರ್ಥಿಗಳಿಂದ ಪದವಿಯನ್ನೂ, ಆಟದಲ್ಲಿ ಸಾಧನೆಯನ್ನೂ ಕೇಳುತ್ತಾರೆ. ಅರ್ಹತೆಯ ವಿವರಗಳು ಆಗಾಗ ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆ ನೋಡುವುದು ಒಳ್ಳೆಯದು. ಹಾಕಿ ಇಂಡಿಯಾ ಸಂಸ್ಥೆಯೂ ಹಂತ ಹಂತದ ತರಬೇತುದಾರರ ಕೋರ್ಸುಗಳನ್ನು ನಡೆಸುತ್ತದೆ. ಶಾಲೆಯಲ್ಲಿ ದೈಹಿಕ ಶಿಕ್ಷಣದ ಉಪಾಧ್ಯಾಯರಾಗಲು ಬಿ.ಪಿ.ಇಡಿ. ಮುಂತಾದ ಬೇರೆ ದಾರಿ ಇದೆ. ಒಂದು ಆಟದ ತರಬೇತುದಾರ, ಶಾಲೆಯ ದೈಹಿಕ ಶಿಕ್ಷಕ, ಇವೆರಡೂ ಒಂದೇ ಹುದ್ದೆಯಲ್ಲ ಎಂಬುದು ನೆನಪಿರಲಿ.

ದಕ್ಷಿಣ ಬೆಂಗಳೂರಿನ ಮಕ್ಕಳಿಗೆ ಹಾಕಿ ದೂರದ ಆಟವೇನಲ್ಲ. ಶಾಂತಿನಗರದ ಬಳಿ ಅಕ್ಕಿತಿಮ್ಮನಹಳ್ಳಿಯಲ್ಲಿ ಫೀಲ್ಡ್ ಮಾರ್ಷಲ್ ಕಾರಿಯಪ್ಪನವರ ಹೆಸರಿನ ಹಾಕಿ ಕ್ರೀಡಾಂಗಣವಿದೆ. ಜಯನಗರದಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಮೈಸೂರು ರಸ್ತೆಯ ಆಚೆ ಜ್ಞಾನಭಾರತಿಯಲ್ಲಿರುವ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ರಾಷ್ಟ್ರೀಯ ತಂಡಗಳ ಶಿಬಿರಗಳು ನಡೆಯುತ್ತವೆ. 41 ವರ್ಷಗಳ ಬರಗಾಲದ ನಂತರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಪುರುಷರ ತಂಡ, ಅದೇ ಕೂಟದಲ್ಲಿ 4ನೇ ಸ್ಥಾನಕ್ಕೇರಿ ದೇಶದ ಮನ ಗೆದ್ದ ಮಹಿಳೆಯರ ತಂಡ, ಎರಡೂ ಬೆವರು ಸುರಿಸಿದ್ದು ಇಲ್ಲಿಯೇ. ಆ ಮಹಿಳಾ ತಂಡದ ಸಹಾಯಕ ತರಬೇತುದಾರರಲ್ಲಿ ಕೊಡಗಿನ ಅಂಕಿತಾ ಸುರೇಶ್ ಇದ್ದರು. ಹೆಣ್ಣುಮಕ್ಕಳ ತಂದೆ ತಾಯಿಯರು ಇದನ್ನು ಗಮನಿಸಲಿ.

ಇನ್ನೊಂದು ಉದಾಹರಣೆ ಬೆಂಗಳೂರಿನ ಜೂಡ್ ಫೆಲಿಕ್ಸ್. 1988 ಮತ್ತು 1992ರ ಒಲಿಂಪಿಕ್ಸ್‌ಗಳಲ್ಲಿ ಆಡಿದರು. 1994ರ ಸಿಡ್ನಿ ವಿಶ್ವಕಪ್‌ನಲ್ಲಿ ಭಾರತದ ನಾಯಕ. ಸಿಂಗಪುರದಲ್ಲಿ ಆಡಿ, ಅಲ್ಲಿ ತರಬೇತಿಯನ್ನೂ ಕೊಟ್ಟು, ಮರಳಿ ಬಂದು 2009ರಲ್ಲಿ ಬೆಂಗಳೂರಿನಲ್ಲಿ ತಮ್ಮ ಹೆಸರಿನ ಅಕಾಡೆಮಿ ತೆರೆದರು. ಯಾರಿಗಾಗಿ? ಅನಾಥಾಲಯದ ಮಕ್ಕಳು, ಬಡ ಕುಟುಂಬಗಳ ಮಕ್ಕಳಿಗಾಗಿ. ಭಾರತ ತಂಡದ ತರಬೇತಿ ಬಳಗದಲ್ಲೂ ಕೆಲಸ ಮಾಡಿದರು. 2020ರಲ್ಲಿ ಅವರಿಗೆ ಬಂದದ್ದು ದ್ರೋಣಾಚಾರ್ಯ ಪ್ರಶಸ್ತಿ. ಆಟಗಾರನಿಗೆ ಅರ್ಜುನ, ಕಲಿಸುವವನಿಗೆ ದ್ರೋಣಾಚಾರ್ಯ! ಸರ್ಕಾರವೇ ಎರಡು ವಿದ್ಯೆಗೂ ಎರಡು ಹೆಸರಿಟ್ಟಿದೆ. ಅರ್ಜುನ ಪ್ರಶಸ್ತಿ ಆರಂಭವಾದದ್ದು 1961ರಲ್ಲಿ; ದ್ರೋಣಾಚಾರ್ಯ ಬಂದದ್ದು 1985ರಲ್ಲಿ. ಕಲಿಸುವವನ ನೆನಪಾಗಲು ನಮಗೆ 24 ವರ್ಷ ಹಿಡಿಯಿತು.

ಪಾಲಕರಿಗೆ ಎರಡು ಮಾತು

ಇಷ್ಟು ಹೇಳಿದ ಮೇಲೆ ಕಹಿಯನ್ನೂ ಹೇಳಬೇಕು. ರಾಷ್ಟ್ರೀಯ ತಂಡಕ್ಕೆ ಆಡುವವರು ಬೆರಳೆಣಿಕೆಯ ಮಂದಿ. ನನ್ನ ವಿದ್ಯಾರ್ಥಿಯೊಬ್ಬ ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟು ಪೂರ್ತಿ ಆಟಕ್ಕೆ ಇಳಿದ. ಚೆನ್ನಾಗಿಯೇ ಆಡುತ್ತಿದ್ದ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಮಂಡಿಯ ಅಸ್ಥಿರಜ್ಜು ಹರಿಯಿತು. ಶಸ್ತ್ರಚಿಕಿತ್ಸೆಯಾದರೂ ಹಳೆಯ ಓಟ ಮರಳಲಿಲ್ಲ. ಕಲಿಸೋಣವೆಂದು ಹೊರಟರೆ ಡಿಪ್ಲೊಮಾಕ್ಕೆ ಅರ್ಜಿ ಹಾಕಲು ಪದವಿ ಇಲ್ಲ, ಪದವಿಗೆ ಸೇರಲು ಪಿ.ಯು.ಸಿ. ಇಲ್ಲ. ಇಪ್ಪತ್ತೆರಡರಲ್ಲಿ ಕೂತು ಎಸ್.ಎಸ್.ಎಲ್.ಸಿ. ಕಟ್ಟಿದ. ಅವನ ಧೈರ್ಯಕ್ಕೆ ಮೆಚ್ಚಬೇಕು. ಆದರೆ ಆ ಕಷ್ಟ ಅವನಿಗೆ ಬೇಕಿರಲಿಲ್ಲ.

ಇದಕ್ಕೆ ಉಲ್ಟಾ ದುಡುಕೂ ಉಂಟು. ಎಸ್.ಎಸ್.ಎಲ್.ಸಿ. ಬಂತೆಂದು ಆಟವನ್ನು ಪೂರ್ತಿ ನಿಲ್ಲಿಸಿ, ಸ್ಟಿಕ್ಕನ್ನು ಅಟ್ಟಕ್ಕೆ ಎಸೆಯುವ ಮನೆಗಳು ನಮ್ಮಲ್ಲಿ ಬೇಕಾದಷ್ಟು. ದಿನಕ್ಕೆ ಒಂದು ಗಂಟೆ ಓಡಿದ ಹುಡುಗ ಅಂಕ ಕಳೆದುಕೊಳ್ಳುವುದಿಲ್ಲ. ಆಟ ಅಥವಾ ಓದು ಎಂಬ ಆಯ್ಕೆಯನ್ನು ಮಗುವಿನ ಮುಂದೆ ಇಡುವುದೇ ಸರಿಯಲ್ಲ. ಆಟದ ದಾರಿಯಲ್ಲಿ ದೂರ ಹೋಗಬೇಕಾದರೂ ಓದು ಬೇಕು ಎಂಬುದಕ್ಕೆ ಗಣೇಶ್ ಅವರ ಡಿಗ್ರಿಗಳು ಸಾಕ್ಷಿ.

ಬೇಸಿಗೆ ಶಿಬಿರಕ್ಕೆ ಸೇರಿಸುವ ಮುನ್ನ ದಯವಿಟ್ಟು ಒಂದು ಸಂಜೆ ಹೋಗಿ ಅರ್ಧ ಗಂಟೆ ನಿಂತು ನೋಡಿ. ಕಲಿಸುವವರು ಏನು ಓದಿದ್ದಾರೆ, ಎಲ್ಲಿ ತರಬೇತಿ ಪಡೆದಿದ್ದಾರೆ ಎಂದು ಸಂಕೋಚವಿಲ್ಲದೆ ಕೇಳಿ. ಒಬ್ಬರಿಗೆ ಎಷ್ಟು ಮಕ್ಕಳು ಎಂದು ಎಣಿಸಿ. ಪೆಟ್ಟಾದರೆ ಪ್ರಥಮ ಚಿಕಿತ್ಸೆ ಯಾರು ಬಲ್ಲರು ಎಂದು ವಿಚಾರಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಹಿಂದೆ ಬಿದ್ದ ಮಗುವಿನ ಹತ್ತಿರ ಅವರು ಹೋಗುತ್ತಾರೋ, ಅಥವಾ ಚೆನ್ನಾಗಿ ಆಡುವ ನಾಲ್ಕು ಮಕ್ಕಳ ಸುತ್ತಲೇ ಇರುತ್ತಾರೋ ನೋಡಿ. ತಪ್ಪಾದಾಗ ಬೈಯುತ್ತಾರೋ, ಅಥವಾ ತಪ್ಪು ಎಲ್ಲಾಯಿತೆಂದು ತೋರಿಸುತ್ತಾರೋ ಕಿವಿಗೊಡಿ. ಇಷ್ಟು ತಿಳಿದರೆ ಬ್ಯಾನರಿನಲ್ಲಿರುವ ದೊಡ್ಡ ಹೆಸರಿನ ಹಂಗು ಬೇಡ.

ಇನ್ನು ವಿದ್ಯಾರ್ಥಿಗಳಿಗೆ ಈ ವಾರದ ಕೆಲಸ. ಶೂ ಲೇಸು ಕಟ್ಟಲು ಬಾರದ ತಮ್ಮನೋ ತಂಗಿಯೋ ಮನೆಯಲ್ಲಿದ್ದರೆ ಅವರನ್ನು ಎದುರಿಗೆ ಕೂರಿಸಿಕೊಳ್ಳಿ. ನಿಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಿ. ಬರೀ ಮಾತಿನಲ್ಲಿ ಲೇಸು ಕಟ್ಟುವುದನ್ನು ಕಲಿಸಿ. ಎಲ್ಲೆಲ್ಲಿ ನಿಮ್ಮ ಮಾತು ಸಿಕ್ಕಿಕೊಂಡಿತು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎರಡನೆಯ ದಿನ ಆ ಜಾಗಗಳಿಗೆ ಹೊಸ ಮಾತು ಹುಡುಕಿಕೊಂಡು ಮತ್ತೆ ಪ್ರಯತ್ನಿಸಿ. ಯಾವ ದಿನ ಆ ಪುಟ್ಟ ಕೈಗಳು ತಾವಾಗಿ ಗಂಟು ಹಾಕಿದವು ಎಂಬುದನ್ನೂ ಬರೆಯಲು ಮರೆಯಬೇಡಿ.